ಸರಿಗೆಯಲ್ಲಿ ಸಿಕ್ಕಿದ ನಮ್ಮೂರ ಪೋಸ್ಟಾಫೀಸು

ನಮ್ಮ ಮನೆಯ ಜಗಲಿಯಲ್ಲಿ 40 ವರ್ಷ ಪೋಸ್ಟಾಫೀಸು ಇತ್ತು. ಒಂದು ಮೇಜು, ಒಂದು ಬೆಂಚು, ನೆಲಕ್ಕೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ, ಗೋಡೆಯಲ್ಲಿ ಕೆಂಪು ಡಬ್ಬ. ಅಷ್ಟೇ. ನಾನು ಅಲ್ಲಿನ ಬ್ರಾಂಚ್ ಪೋಸ್ಟ್ ಮಾಸ್ಟರ್. ಊರಿನವರ ಬಾಯಲ್ಲಿ ‘ಪೋಸ್ಟಕ್ಕ’. 1984ರಲ್ಲಿ ಸೇರಿದೆ, 65 ತುಂಬಿದ ಮೇಲೆ 2024ರಲ್ಲಿ ರಿಟೈರ್ ಆದೆ. ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವಾಗ ಒಳಗೆ ಇಳಿದರೆ ಸಿಗುವ ಒಂದು ಬೈಲು ನಮ್ಮದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಇದು ಯಾರ ಮನೆಯ ಕಾಗದ ಅಂತ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ರಿಟೈರ್ ಆದರೂ ಆ ಅಭ್ಯಾಸ ಬಿಟ್ಟಿಲ್ಲ.

ಶುರುವಾದದ್ದು ಶಾಲೆಯಿಂದ. ನಮ್ಮೂರ ಶಾಲೆಗೆ ನೂರು ವರ್ಷ ತುಂಬುತ್ತದೆ, ಸ್ಮರಣ ಸಂಚಿಕೆ ತರುತ್ತಾರೆ, ಅದರಲ್ಲಿ ಪೋಸ್ಟಾಫೀಸಿನ ಬಗ್ಗೆ ಎರಡು ಪುಟ ಬೇಕು ಅಂತ ಸಮಿತಿಯವರು ಬಂದರು. ‘ನಿಮಗಿಂತ ಜಾಸ್ತಿ ಯಾರಿಗೆ ಗೊತ್ತುಂಟು ಅಕ್ಕ?’ ಅಂದರು. ನಾನೂ ಉಬ್ಬಿ ಹೂಂ ಅಂದೆ. ರಾತ್ರಿ ಪೆನ್ನು ಹಿಡಿದು ಕೂತಾಗ ಮೊದಲ ಸಾಲೇ ಬರಲಿಲ್ಲ. ನಮ್ಮ ಪೋಸ್ಟಾಫೀಸು ಶುರುವಾದದ್ದು ಯಾವಾಗ? 40 ವರ್ಷ ದಿನಾ ಅದರ ಹೆಸರಿನ ಠಸ್ಸೆ ಗುದ್ದಿದವಳಿಗೆ ಅದು ಗೊತ್ತಿರಲಿಲ್ಲ.

ಊರಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. ‘ಅದು ಬ್ರಿಟಿಷರ ಕಾಲದ್ದು.’ ಹೇಗೆ ಗೊತ್ತು ಅಂತ ಕೇಳಿದರೆ, ‘ಅಜ್ಜ ಹೇಳ್ತಿದ್ದರು.’ ಅಜ್ಜನಿಗೆ ಯಾರು ಹೇಳಿದ್ದು ಅಂತ ಕೇಳುವ ಹಾಗಿಲ್ಲ, ಅಲ್ವಾ?

ಆಫೀಸಿನ ಕಡತದಲ್ಲಿ ಇರಬೇಕಲ್ಲ ಅಂತ ನಿಮಗೆ ಅನ್ನಿಸಬಹುದು. ಇರುವುದಿಲ್ಲ. ಸಣ್ಣ ಪೋಸ್ಟಾಫೀಸಿನ ಒಂದೊಂದು ಪುಸ್ತಕಕ್ಕೂ ಇಷ್ಟು ಸಮಯ ಅಂತ ಇಟ್ಟುಕೊಳ್ಳುವ ಲೆಕ್ಕ ಇದೆ. ಅದು ಮುಗಿದ ಮೇಲೆ ಪಟ್ಟಿ ಮಾಡಿ ತೆಗೆಯಬೇಕು. ನಾನೇ ಎಷ್ಟೋ ಸಲ ಹಳೆಯ ಜರ್ನಲ್, ಡೈಲಿ ಅಕೌಂಟ್ ಪುಸ್ತಕಗಳನ್ನು ಕಟ್ಟಿ ಕೊಟ್ಟಿದ್ದೇನೆ. ಒಳ್ಳೆಯದಾಯಿತು, ಮೇಜಿನಡಿ ಜಾಗ ಆಯಿತು ಅಂದುಕೊಂಡಿದ್ದೆ. ಇನ್ನೊಂದು ಸಂಗತಿ, ನಮ್ಮಂಥ ಆಫೀಸಿಗೆ ಸ್ವಂತ ಕಟ್ಟಡ ಇರುವುದಿಲ್ಲ. ಜಾಗ ಕೊಡಬೇಕಾದ್ದು ಪೋಸ್ಟ್ ಮಾಸ್ಟರೇ. ಹಾಗಾಗಿ ಮಾಸ್ಟರ್ ಬದಲಾದಾಗ ಪೋಸ್ಟಾಫೀಸೂ ಹೊಸ ಮನೆಗೆ ಹೊರಡುತ್ತದೆ. ಒಂದು ಸಲ ಶಾಲೆಯ ಮೇಷ್ಟ್ರ ಜಗಲಿ, ಇನ್ನೊಂದು ಸಲ ದರ್ಜಿಯ ಅಂಗಡಿಯ ಮೂಲೆ. ಮೇಷ್ಟ್ರುಗಳೇ ಬಿಡುವಿನಲ್ಲಿ ಪೋಸ್ಟು ನಡೆಸುವುದು ಆಗ ಎಲ್ಲ ಕಡೆ ಇತ್ತು. ಪ್ರತಿ ಸಲ ಗಂಟುಮೂಟೆ ಕಟ್ಟುವಾಗಲೂ ಏನಾದರೊಂದು ಬಿಟ್ಟುಹೋಗಿರುತ್ತದೆ.

ಆಫೀಸಿನಲ್ಲಿ ಇಲ್ಲ ಅಂದಮೇಲೆ ಮತ್ತೆಲ್ಲಿ ಹುಡುಕುವುದು? ನಾವು ಹಂಚಿದ್ದೆಲ್ಲ ಮನೆಮನೆಗೆ ಹೋಗಿದೆಯಲ್ಲ, ಅಲ್ಲೇ ಕೇಳೋಣ ಅಂತ ಹೊರಟೆ. ಹತ್ತು ಮನೆಯಲ್ಲಿ ಒಂಬತ್ತರಲ್ಲಿ ‘ಅಯ್ಯೋ, ಹೋದ ವರ್ಷ ಸುಟ್ಟೆವು’ ಅನ್ನುವ ಮಾತೇ. ಕೊನೆಗೆ ತೋಟದ ಆಚೆಯ ಹಳೆಯ ಮನೆಯ ಭಟ್ಟರು, ‘ಅಡಿಗೆ ಕೋಣೆಯ ಅಟ್ಟದಲ್ಲಿ ನಮ್ಮ ಅಜ್ಜನ ಸರಿಗೆ ಉಂಟು ಅಕ್ಕ, ಬೇಕಾದರೆ ನೋಡಿ. ಬರೀ ಅಡಿಕೆ ವ್ಯಾಪಾರದ ಕಾಗದ ಇರಬಹುದು’ ಅಂದರು.

ಸರಿಗೆ ಅಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಒಂದು ಮೊಳ ಉದ್ದದ ದಪ್ಪ ಕಬ್ಬಿಣದ ತಂತಿ. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆಯ ಹಾಗೆ ಬಗ್ಗಿಸಿದ ಚೂಪು ತುದಿ. ಬಂದ ಕಾಗದವನ್ನು ಓದಿ, ಆ ತುದಿಯಿಂದ ಚುಚ್ಚಿ ಕೆಳಕ್ಕೆ ಜಾರಿಸಿ, ಜಂತಿಗೆ ನೇತು ಹಾಕುವುದು. ಫೈಲು, ಕಪಾಟು ಎಲ್ಲ ಅದೇ. ಭಟ್ಟರು ಇಳಿಸಿಕೊಟ್ಟದ್ದು ಹೊಗೆ ಹಿಡಿದು ಕಪ್ಪಾಗಿ ದೊಡ್ಡ ಜೇನುಗೂಡಿನ ಹಾಗೆ ಕಾಣುತ್ತಿತ್ತು. ಆ ಹೊಗೆಯೇ ಅದನ್ನು ಉಳಿಸಿದ್ದು. ಚಾವಡಿಯ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ದಾಖಲೆಗಳನ್ನು ಒರಲೆ ತಿಂದಿತ್ತು. ಅಡಿಗೆಯ ಹೊಗೆಯಲ್ಲಿ ನೇತಾಡಿದ್ದು ಉಳಿದಿತ್ತು.

ಈಗ ನಾನು ಮಾಡಿದ ಮೊದಲ ತಪ್ಪು. ಆಸೆ ತಡೆಯಲಾರದೆ ಮೇಲಿನಿಂದ ಒಂದೊಂದೇ ಎಳೆದೆ. ತುಕ್ಕು ಹಿಡಿದ ತಂತಿ ಕಾಗದದ ತೂತಿಗೆ ಕಚ್ಚಿಕೊಂಡಿತ್ತು. ಐದು ತೆಗೆಯುವಷ್ಟರಲ್ಲಿ ಎರಡು ಹರಿದವು. ಅಲ್ಲಿಗೇ ಕೈ ನಿಲ್ಲಿಸಿದೆ. ಎಣ್ಣೆ ಬಿಡೋಣ ಅಂದರು ಭಟ್ಟರು. ಎಣ್ಣೆ ಬಿದ್ದರೆ ಶಾಯಿಯ ಗತಿ ಏನು? ಮರುದಿನ ಮಗನ ಕಟಿಂಗ್ ಪ್ಲೇಯರ್ ತಂದು, ಭಟ್ಟರ ಒಪ್ಪಿಗೆ ಕೇಳಿ, ಕೆಳಗಿನ ಬಿಲ್ಲೆಯ ಅಡಿಯಲ್ಲಿ ತಂತಿ ಕತ್ತರಿಸಿದೆ. ಕೆಳಗಿನ ಭಾಗಕ್ಕೆ ಗಾಳಿ ತಾಗದೆ ತುಕ್ಕು ಕಡಿಮೆ ಇತ್ತು. ಅಲ್ಲಿಂದ ಒಂದೊಂದೇ ಸಲೀಸಾಗಿ ಜಾರಿದವು.

ಕೆಳಗಿನಿಂದ ತೆಗೆದದ್ದರಿಂದ ಇನ್ನೊಂದು ಲಾಭ. ಸರಿಗೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಎಲ್ಲಕ್ಕಿಂತ ಹಳೆಯದು. ಮೇಲೆ ಹೋದ ಹಾಗೆ ಹೊಸದು. ಬಂದ ದಿನದ ಸಾಲಿನಲ್ಲೇ ಅವು ಕೂತಿರುತ್ತವೆ. ಆ ಸಾಲು ತಪ್ಪಿಸಿದರೆ ಅರ್ಧ ಚರಿತ್ರೆ ಹೋದ ಹಾಗೆ. ತಾರೀಕು ಅಳಿಸಿಹೋದ ಕಾರ್ಡಿನ ವರ್ಷವನ್ನು ಅದರ ಕೆಳಗಿನದ್ದು, ಮೇಲಿನದ್ದು ನೋಡಿ ಹೇಳಬಹುದು. ಹಾಗಾಗಿ ಒಂದೊಂದು ಕಾಗದದ ಜೊತೆ ನಂಬರ್ ಬರೆದ ಸಣ್ಣ ಚೀಟಿ ಇಟ್ಟೆ. ಕಾಗದದ ಮೇಲೆ ಒಂದು ಗೀಟೂ ಎಳೆಯಲಿಲ್ಲ. ಜಗಲಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಬೆಳಿಗ್ಗೆ ಹತ್ತರ ಮೊದಲು, ಬಿಸಿಲು ನೇರ ಬೀಳುವುದಕ್ಕೆ ಮುಂಚೆ. ಅಲ್ಲೇ ಕೂತು ಕೆಲಸ ಮಾಡಿದೆ, ಮನೆಗೆ ಒಂದನ್ನೂ ತರಲಿಲ್ಲ.

ಓದುವ ವಿಷಯದಲ್ಲಿ ನನಗೆ ಒಂದು ಕಟ್ಟುಪಾಡು ಇತ್ತು. ವಿಳಾಸದ ಬದಿ ಮಾತ್ರ ನನ್ನದು. ಬರಹದ ಬದಿ ಮನೆಯವರದ್ದು. ಅವರು ಓದಿ ಹೇಳಿದರೆ ಕೇಳಿಸಿಕೊಳ್ಳುವುದು, ಇಲ್ಲದಿದ್ದರೆ ಇಲ್ಲ. ಪೋಸ್ಟಿನ ಕೆಲಸದಲ್ಲಿ ಇನ್ನೊಬ್ಬರ ಕಾಗದದ ಗುಟ್ಟು ಹೊರಗೆ ಹಾಕುವ ಹಾಗಿಲ್ಲ. ಪೋಸ್ಟ್ ಕಾರ್ಡು ತೆರೆದೇ ಇರುತ್ತದೆ ನಿಜ. ಆದರೂ ಕಣ್ಣು ವಿಳಾಸದ ಬದಿಗೇ ಹೋಗುವ ಹಾಗೆ ಅಭ್ಯಾಸ ಮಾಡಿಕೊಂಡಿರುತ್ತೇವೆ. ಇದರಿಂದ ನಷ್ಟವೇನೂ ಆಗಲಿಲ್ಲ. ಪೋಸ್ಟಾಫೀಸಿನ ಕಥೆ ಇರುವುದೇ ವಿಳಾಸದ ಬದಿಯಲ್ಲಿ. ಸ್ಟ್ಯಾಂಪು, ಠಸ್ಸೆ, ಊರು, ಜಿಲ್ಲೆ, ‘ಮಾರ್ಗ’ ಅಂತ ಬರೆದದ್ದು. ಬರಹದ ಬದಿಯಲ್ಲಿ ಬರೀ ಅಡಿಕೆ ಧಾರಣೆ ಮತ್ತು ‘ಇಲ್ಲಿ ಎಲ್ಲರೂ ಕ್ಷೇಮ’.

ಅಡಿಕೆ ಧಾರಣೆಯ ಕಾರ್ಡುಗಳನ್ನು ಭಟ್ಟರೇ ಓದಿದರು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟುವುದಕ್ಕೆ ಮೊದಲಿನವು. ಮಂಗಳೂರಿನ ಮಂಡಿಯಿಂದ ಬಂದ ಕಾರ್ಡು ನೋಡಿಯೇ ಅಜ್ಜ ಅಡಿಕೆ ಕೊಡುವುದೋ ಇಡುವುದೋ ಅಂತ ತೀರ್ಮಾನ ಮಾಡುತ್ತಿದ್ದರಂತೆ. ‘ಕಾರ್ಡು ಬರುವಾಗ ಧಾರಣೆ ಇಳಿದಾಗಿರುತ್ತಿತ್ತು’ ಅಂತ ನಕ್ಕರು.

ಕೆಳಗಿನಿಂದ ಮೂರನೆಯದ್ದು ಒಂದು ಪೋಸ್ಟ್ ಕಾರ್ಡು. ರಾಜನ ತಲೆಯ ಸ್ಟ್ಯಾಂಪು ಅಚ್ಚಾದದ್ದು. ಠಸ್ಸೆಯಲ್ಲಿ 42 ಅಂತ ವರ್ಷ ಚೆನ್ನಾಗಿ ಕಾಣುತ್ತದೆ. ವಿಳಾಸದಲ್ಲಿ ಅಜ್ಜನ ಹೆಸರು, ಮನೆ, ನಮ್ಮ ಊರು. ನನಗೆ ಕುಣಿಯುವಷ್ಟು ಖುಷಿ. 1942ರಲ್ಲೇ ನಮ್ಮ ಪೋಸ್ಟಾಫೀಸು ಇತ್ತು! ಅದೇ ಸಂಜೆ ಸಮಿತಿಯವರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಮರುದಿನದ ಮೀಟಿಂಗಿನಲ್ಲಿ ಹೇಳಿದರು, ಚಪ್ಪಾಳೆಯೂ ಆಯಿತು.

ಒಂದು ವಾರದ ನಂತರ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಠಸ್ಸೆಯ ಅಂಚಿನಲ್ಲಿ ಅಳಿಸಿದ್ದು ಬಿಟ್ಟು ಉಳಿದ ಅಕ್ಷರಗಳು ನಮ್ಮ ಊರಿನ ಹೆಸರಿಗೆ ಹೊಂದಲೇ ಇಲ್ಲ. ವಿಳಾಸವನ್ನು ಮತ್ತೆ ಓದಿದೆ. ಊರಿನ ಹೆಸರಿನ ಕೆಳಗೆ ‘ಪೋಸ್ಟ್’ ಅಂತ ಇದೆ. ಅದರ ಮುಂದೆ ಒಂದು ತೂತು. ಸರಿಗೆ ಚುಚ್ಚಿದ ತೂತು. ತುಕ್ಕಿನ ಕಲೆ ಸುತ್ತಲೂ ಹರಡಿ, ಯಾವ ಪೋಸ್ಟ್ ಅನ್ನುವ ಹೆಸರನ್ನೇ ನುಂಗಿತ್ತು. ಎದೆ ಧಸಕ್ಕೆಂದಿತು. ಮಾರನೆಯ ದಿನ ಭಟ್ಟರ ಮನೆಗೆ ಹೋಗಿ ನಾಲ್ಕನೆಯ ಕಾರ್ಡು ನೋಡಿದೆ. ಅದೇ ಕೈಬರಹ, ಅದೇ ವಿಳಾಸ. ತೂತು ಮಾತ್ರ ಎರಡು ಬೆರಳು ಪಕ್ಕಕ್ಕೆ ಬಿದ್ದಿದೆ. ‘ಪೋಸ್ಟ್’ನ ಮುಂದೆ ಹತ್ತಿರದ ದೊಡ್ಡ ಊರಿನ ಹೆಸರು ಸ್ಪಷ್ಟವಾಗಿತ್ತು. ಅಂದರೆ ಆಗ ನಮ್ಮ ಊರಿಗೆ ಪೋಸ್ಟಾಫೀಸೇ ಇರಲಿಲ್ಲ. ಕಾಗದ ಅಲ್ಲಿಗೆ ಬರುತ್ತಿತ್ತು, ಅಲ್ಲಿಂದ ಯಾರೋ ತರುತ್ತಿದ್ದರು.

ನಮ್ಮ ಊರಿನದೇ ಠಸ್ಸೆ ಇರುವ ಮೊದಲನೆಯದ್ದು ಇನ್ನೂ ಎಷ್ಟೋ ಮೇಲೆ ಸಿಕ್ಕಿತು. ಎರಡಾಣೆಯ ನಟರಾಜನ ಸ್ಟ್ಯಾಂಪು ಹಚ್ಚಿದ ಕವರು. ಆ ಸ್ಟ್ಯಾಂಪು 15 ಆಗಸ್ಟ್ 1949ಕ್ಕೆ ಹೊರಬಂದ ಸಾಲಿನದು. ಆ ಸಾಲಿನಲ್ಲಿ ರಾಜನ ತಲೆ ಹೋಗಿ ನಮ್ಮ ಗುಡಿ, ಮೂರ್ತಿಗಳು ಬಂದವು. ಕವರಿನ ಠಸ್ಸೆಯಲ್ಲಿ ವರ್ಷ 52. ಹಾಗಾದರೆ 1942ಕ್ಕೂ 1952ಕ್ಕೂ ನಡುವೆ ಯಾವಾಗಲೋ. ಹತ್ತು ವರ್ಷದ ಈ ಸಂದನ್ನು ಸಣ್ಣದು ಮಾಡಿದ್ದು ಬೈಲಿನ ಕೆಳಗಿನ ಮನೆಯ ಅಜ್ಜಿ. ಅವರಿಗೆ ತೊಂಬತ್ತು ದಾಟಿದೆ. ‘ಪೋಸ್ಟಾಫೀಸು ಯಾವಾಗ ಬಂತು ಅಜ್ಜಿ?’ ಅಂದರೆ ‘ಎಂತದೋ, ಮೊದಲೇ ಉಂಟಲ್ಲ’ ಅಂದರು. ಪ್ರಶ್ನೆ ಬದಲಿಸಿದೆ. ‘ಗಾಂಧೀಜಿ ತೀರಿಹೋದದ್ದು ನಿಮಗೆ ಹೇಗೆ ಗೊತ್ತಾಯಿತು?’ ಆಗ ನೋಡಿ, ಕಣ್ಣು ಮುಚ್ಚಿ ಹೇಳಿದರು. ಟಪ್ಪಾಲು ತರಲು ಹೋದ ಅವರ ಅಣ್ಣ ಬರಿಗೈಯಲ್ಲಿ ಬಂದು, ‘ಇವತ್ತು ಟಪ್ಪಾಲು ಇಲ್ಲ, ಗಾಂಧೀಜಿಯನ್ನು ಕೊಂದರಂತೆ’ ಅಂದನಂತೆ. ಎಲ್ಲಿಗೆ ಹೋಗಿದ್ದ ಅಂತ ಕೇಳಿದೆ. ಆ ದೊಡ್ಡ ಊರಿಗೆ. ಅಲ್ಲಿಗೆ 1948ರ ಆರಂಭದಲ್ಲೂ ನಮಗೆ ಪೋಸ್ಟಾಫೀಸು ಇರಲಿಲ್ಲ ಅಂತಾಯಿತು.

ಇದರಿಂದ ಒಂದು ಪಾಠ ಕಲಿತೆ. ವಯಸ್ಸಾದವರಲ್ಲಿ ‘ಯಾವ ವರ್ಷ’ ಅಂತ ಕೇಳಬಾರದು. ‘ಆಗ ನೀವು ಎಲ್ಲಿಗೆ ಹೋದಿರಿ, ಜೊತೆಗೆ ಯಾರು ಇದ್ದರು’ ಅಂತ ಕೇಳಬೇಕು. ಗಂಡಸರು ‘ನಮ್ಮ ಕಾಲದಲ್ಲಿ’ ಅಂತ ಭಾಷಣ ಶುರು ಮಾಡುತ್ತಾರೆ. ಹೆಂಗಸರು ಮದುವೆ, ಬಾಣಂತನ, ಬೊಜ್ಜ (ಸತ್ತವರ ಉತ್ತರಕ್ರಿಯೆ) ಹಿಡಿದು ಲೆಕ್ಕ ಹೇಳುತ್ತಾರೆ. ಅದು ಜಾಸ್ತಿ ಗಟ್ಟಿ.

ಟಪ್ಪಾಲು ಅನ್ನುವ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಹಳಬರು ಯಾರೂ ‘ಅಂಚೆ’ ಅನ್ನುವುದಿಲ್ಲ. ಅಂಚೆ ಮೈಸೂರಿನ ಕಡೆಯದ್ದು. ಅರಸರದ್ದೇ ಸ್ವಂತ ಅಂಚೆ ಇತ್ತು, 1889ರಲ್ಲಿ ಬ್ರಿಟಿಷರ ಪೋಸ್ಟಿಗೆ ಸೇರಿತು. ತೆಂಕಣ ತಿರುವಾಂಕೂರಿನಲ್ಲೂ ‘ಅಂಚಲ್’ ಅಂತ ಇತ್ತು, ಅದು 1951ರವರೆಗೂ ನಡೆಯಿತು. ನಮ್ಮದು ಎರಡೂ ಅಲ್ಲ. ಟಿಪ್ಪು ಬಿದ್ದ 1799ರಿಂದಲೇ ನಾವು ಕಂಪೆನಿಯ ಕೈಯಲ್ಲಿ. ಅಂಚೆಗೂ ಅಂಚಲಿಗೂ ನಡುವೆ ನಮಗೆ ಟಪ್ಪಾಲು.

ವಿಳಾಸಗಳ ಕೊನೆಯ ಸಾಲು ಓದುತ್ತಾ ಹೋದರೆ ನಮ್ಮ ಊರು ಎದ್ದು ನಡೆದುಹೋದ ಹಾಗೆ ಕಾಣುತ್ತದೆ. ಊರು ಇದ್ದಲ್ಲೇ ಇದೆ. ಕೆಳಗಿನ ಕಾರ್ಡುಗಳಲ್ಲಿ ‘ಸೌತ್ ಕೆನರಾ’. 1956 ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1957 ಜನವರಿಗೆ ಮಲಬಾರು ಜಿಲ್ಲೆ ಒಡೆದು ಕಣ್ಣೂರು ಜಿಲ್ಲೆಯಾಯಿತು, ನಾವು ಅದರೊಳಗೆ. ಮುಂಬಯಿಯಿಂದ, ಮದ್ರಾಸಿನಿಂದ ಬಂದ ಕಾಗದಗಳಲ್ಲಿ ಬೇಗನೆ ‘ಕಣ್ಣೂರು ಜಿಲ್ಲೆ’ ಬಂದಿದೆ. ಪುತ್ತೂರು, ಮಂಗಳೂರಿನ ನೆಂಟರು ಬರೆದದ್ದರಲ್ಲಿ ಮಾತ್ರ ಹಟ ಹಿಡಿದ ಹಾಗೆ ‘ದ.ಕ.’ ಮುಂದುವರಿದಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ಆಯೋಗದ ಮಹಾಜನ್ ವರದಿ 1967ರಲ್ಲಿ ಹೇಳಿತಲ್ಲ, ಅದರ ನಂತರ ಒಂದೆರಡು ಕವರಿನಲ್ಲಿ ಜಿಲ್ಲೆಯೂ ಇಲ್ಲ, ರಾಜ್ಯವೂ ಇಲ್ಲ. ಬರೀ ‘ಕಾಸರಗೋಡು ತಾಲೂಕು’. ಯಾಕೆ ಬರೆದು ಹಾಳು ಮಾಡುವುದು, ನಾಳೆ ಬದಲಾಗುತ್ತದೆ ಅಂತ ಇರಬೇಕು! ಬದಲಾಗಲಿಲ್ಲ. 1984 ಮೇ 24ಕ್ಕೆ ಕಾಸರಗೋಡೇ ಜಿಲ್ಲೆಯಾಯಿತು. ನಾನು ಕೆಲಸಕ್ಕೆ ಸೇರಿದ ವರ್ಷ ಅದು. ಹಳೆಯ ಜಿಲ್ಲೆಯ ಹೆಸರಿನ ಕಾಗದಗಳು ಆಮೇಲೂ ಎಷ್ಟೋ ಸಮಯ ಬಂದವು, ಯಾವುದೂ ತಪ್ಪಿಹೋಗಲಿಲ್ಲ.

ತಪ್ಪದಿರಲು ಕಾರಣ ಪಿನ್ ಕೋಡ್. 15 ಆಗಸ್ಟ್ 1972ಕ್ಕೆ ಶುರುವಾದದ್ದು. ಅದನ್ನು ಯೋಚಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಹೌದು. ಒಂದೊಂದು ಹೆಸರಿಗೆ ಹತ್ತು ರೀತಿಯ ಬರವಣಿಗೆ ಇರುವ ನಮ್ಮಂಥ ಕಡೆಗೆ ಅದು ದೇವರು ಕೊಟ್ಟ ಹಾಗೆ. ಒಂದೇ ಉದಾಹರಣೆ ಸಾಕು. ಕಾಸರಗೋಡಿನಲ್ಲಿ ಆದೂರು ಇದೆ, ಅಡೂರೂ ಇದೆ. ಕನ್ನಡದಲ್ಲಿ ಬರೆದರೆ ಮಗುವಿಗೂ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಹೆಚ್ಚುಕಡಿಮೆ ಒಂದೇ. ಅದು ಸಾಲದು ಅಂತ ದೂರದ ಪತ್ತನಂತಿಟ್ಟ ಜಿಲ್ಲೆಯಲ್ಲಿ ಮತ್ತೊಂದು ಅಡೂರು. 671 ಅಂತ ಶುರುವಾದರೆ ಮಾತ್ರ ನಮ್ಮ ಜಿಲ್ಲೆಗೆ ಬರುತ್ತದೆ.

ಅದೇ ಪಿನ್ ಕೋಡ್ ಗಡಿಯಲ್ಲಿ ನಗೆಪಾಟಲಾಗಿದೆ. ಕರ್ನಾಟಕದ್ದು 5ರಿಂದ ಶುರು, ಕೇರಳದ್ದು 6ರಿಂದ. ಗಡಿಯ ಸಾರಡ್ಕ ದಾಟಿದರೆ 574. ಮಗಳ ಮನೆ ವಿಟ್ಲದ ಹತ್ತಿರ, ಬಸ್ಸಿನಲ್ಲಿ ಕೂತರೆ ಸ್ವಲ್ಪ ಹೊತ್ತಿನ ದಾರಿ. ಕಾಗದ ಹಾಕಿದರೆ ಅದು ಮೊದಲು ಹಿಂದಕ್ಕೆ ಕಾಸರಗೋಡಿನ ಕಡೆ ಹೋಗಿ, ಸುತ್ತು ಹೊಡೆದು, ದಿನಗಟ್ಟಲೆ ಕಳೆದ ಮೇಲೆ ಮುಟ್ಟುತ್ತದೆ. ಜನ ಏನು ಮಾಡುತ್ತಿದ್ದರು ಗೊತ್ತಾ? ನನ್ನಿಂದ ಕವರು ಕೊಂಡು, ನನ್ನ ಬೆಂಚಿನ ಮೇಲೆಯೇ ಕೂತು ಬರೆದು, ಅಂಟಿಸಿ, ನನ್ನೆದುರೇ ಬಸ್ಸಿನ ಕಂಡಕ್ಟರಿಗೆ ಕೊಡುತ್ತಿದ್ದರು. ನಾನು ಆಚೆ ನೋಡುತ್ತಿದ್ದೆ.

ವರ್ಷ ಹಿಡಿಯಲು ಇನ್ನೂ ಒಂದೆರಡು ಗುರುತುಗಳು ಕೈಗೆ ಬಂದವು. ‘ನಯಾ ಪೈಸೆ’ ಅಂತ ಇದ್ದರೆ 1957 ಏಪ್ರಿಲ್‌ನಿಂದ ಈಚಿನದು. ಇನ್‌ಲ್ಯಾಂಡ್ ಲೆಟರ್ ಇದ್ದರೆ 1950 ಅಕ್ಟೋಬರ್ ನಂತರದ್ದು. ಕವರಿನಲ್ಲಿ ಮಾಮೂಲು ಸ್ಟ್ಯಾಂಪಿನ ಪಕ್ಕ ಐದು ಪೈಸೆಯ ಇನ್ನೊಂದು ಇದ್ದು, ಅದರಲ್ಲಿ ನಿರಾಶ್ರಿತರ ಪರಿಹಾರ ಅಂತ ಬರೆದಿದ್ದರೆ ಅದು 1971 ನವೆಂಬರಿನಿಂದ 1973 ಮಾರ್ಚಿನ ಒಳಗಿನದ್ದು. ಬಾಂಗ್ಲಾದಿಂದ ಬಂದವರಿಗಾಗಿ ಸರ್ಕಾರ ಹಾಕಿದ ತೆರಿಗೆ ಅದು. ಕೆಲವು ಕವರುಗಳಲ್ಲಿ ಸ್ಟ್ಯಾಂಪಿನ ಜಾಗದಲ್ಲಿ ಚೌಕಾಕಾರದ ಕಂಡಿ ಮಾತ್ರ ಇತ್ತು. ಮಕ್ಕಳು ಸ್ಟ್ಯಾಂಪು ಸೇರಿಸಲು ಕತ್ತರಿಸಿದ್ದು. ಸ್ಟ್ಯಾಂಪಿನ ಜೊತೆ ಠಸ್ಸೆಯೂ ಹೋಯಿತು. ಯಾರನ್ನೂ ಬಯ್ಯುವ ಹಾಗಿಲ್ಲ, ನನ್ನ ಮಗನ ಹಳೆಯ ಆಲ್ಬಮ್ಮಿನಲ್ಲೂ ಅಂಥವು ಇವೆ.

ಇನ್ನು ಪೋಸ್ಟಣ್ಣ. ನನ್ನ ಜೊತೆ ವರ್ಷಾನುಗಟ್ಟಲೆ ಟಪ್ಪಾಲು ಹಂಚಿದವರು, ನನಗಿಂತ ಹಿರಿಯರು, ರಿಟೈರ್ ಆಗಿ ಹತ್ತು ವರ್ಷದ ಮೇಲಾಯಿತು. ಅವರು ಸೇರಿದಾಗ ‘ಇ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಡೆಲಿವರಿ ಏಜೆಂಟ್’, ಆಮೇಲೆ ‘ಗ್ರಾಮೀಣ ಡಾಕ್ ಸೇವಕ್’. ಹೆಸರು ಎಂತದಾದರೂ ಚೀಲ ಅದೇ, ಗುಡ್ಡೆ ಅದೇ. ಅವರ ಹತ್ತಿರ ಕಾಗದಪತ್ರ ಏನೂ ಇಲ್ಲ. ತಲೆಯಲ್ಲಿ ಮಾತ್ರ ಪೂರ್ತಿ ಊರಿನ ನಕ್ಷೆ ಇದೆ.

ಅದನ್ನು ಬರೆದುಕೊಳ್ಳೋಣ ಅಂತ ಪುಸ್ತಕ ಹಿಡಿದು ಅವರ ಜಗಲಿಯಲ್ಲಿ ಕೂತೆ. ‘ಗುಡ್ಡೆಯ ಮೇಲೆ ಯಾರ ಯಾರ ಮನೆ ಇತ್ತು?’ ಅಂದೆ. ಮೂರು ಮನೆ ಹೇಳಿ ತಡವರಿಸಿದರು. ತೋಟದ ಕಡೆ ಕೇಳಿದೆ, ಅದೂ ಅಷ್ಟೇ. ನನಗೆ ಬೇಸರವಾಯಿತು, ಮರೆವು ಬಂದಿರಬೇಕು ಅಂದುಕೊಂಡೆ. ಅವರೇ ಎದ್ದು ಚಪ್ಪಲಿ ಹಾಕಿಕೊಂಡರು. ‘ಹೀಗೆ ಕೂತು ಕೇಳಿದರೆ ಬರುವುದಿಲ್ಲ ಅಕ್ಕ. ಬನ್ನಿ, ಹೋಗುವ.’

ನಡೆಯಲು ಶುರು ಮಾಡಿದ್ದೇ ತಡ, ನೀರು ಹರಿದ ಹಾಗೆ ಬಂತು. ‘ಇಲ್ಲಿ ಎಡಕ್ಕೆ, ಕಪ್ಪು ನಾಯಿಯ ಮನೆ. ತೋಡು ದಾಟಲು ಸಂಕ. ಆಟಿಯ ಮಳೆಗೆ ಸಂಕ ಹೋಗ್ತದೆ, ಆಗ ಆಚೆ ಬದಿಯ ಎಂಟು ಮನೆಯದ್ದು ಹಾಜಿಯವರ ಅಂಗಡಿಯಲ್ಲಿ ಇಡುವುದು. ಸಂಕ ದಾಟಿ ಬಲಕ್ಕೆ ಬೀಡಿ ಕಟ್ಟುವವರ ಮನೆ, ಅವರ ಮಗನಿಗೆ ಬೊಂಬಾಯಿಯ ಹೋಟೆಲಲ್ಲಿ ಕೆಲಸ, ತಿಂಗಳ ಹತ್ತರ ಒಳಗೆ ಮನಿಯಾರ್ಡರ್. ಅದರ ಮೇಲೆ ಮರಾಟಿಯವರ ಎರಡು ಮನೆ...’ ಮನೆಗಳು ಅವರಿಗೆ ನೆನಪಿದ್ದದ್ದು ಕಾಲಿನ ಲೆಕ್ಕದಲ್ಲಿ. ನಡುವೆ ಒಂದು ಕಡೆ ನಾನು ಒಳದಾರಿ ಹಿಡಿದೆ. ಅವರಿಗೆ ಸಾಲು ತಪ್ಪಿತು. ಮತ್ತೆ ಹಿಂದೆ ಹೋಗಿ ಸರಿಯಾದ ದಾರಿಯಿಂದಲೇ ಬರಬೇಕಾಯಿತು.

ಗುಡ್ಡೆಯ ಬುಡಕ್ಕೆ ಬಂದು ನಿಂತರು. ಅಲ್ಲಿ ಗುಡ್ಡೆಯೇ ಇಲ್ಲ. ಕೆಂಪುಕಲ್ಲಿನ ಕೋರೆ. ಅರ್ಧ ಗುಡ್ಡೆಯನ್ನು ಚೌಕ ಚೌಕವಾಗಿ ಕೊಯ್ದು ಲಾರಿಯಲ್ಲಿ ಸಾಗಿಸಿದ್ದಾರೆ. ಪೋಸ್ಟಣ್ಣ ಕೈಯನ್ನು ಗಾಳಿಯಲ್ಲಿ ಮೇಲೆ ಮಾಡಿ, ‘ಅಲ್ಲಿ ಒಂದು, ಅದರ ಹಿಂದೆ ಎರಡು, ಗೇರು ಮರದ ಅಡಿಯಲ್ಲಿ ಒಂದು’ ಅಂತ ಬೆರಳು ತೋರಿಸಿದರು. ನಾನು ಬರೆದುಕೊಂಡೆ. ಮುಂದೆ ಗದ್ದೆಯ ಅಂಚಿನಲ್ಲಿದ್ದ ಮನೆಗಳ ಜಾಗದಲ್ಲಿ ರಬ್ಬರ್ ತೋಟ. ಎಲ್ಲ ಸೇರಿ ಅವರ ಬೀಟಿನಲ್ಲಿದ್ದ ಮನೆಗಳಲ್ಲಿ ಇಪ್ಪತ್ತಮೂರು ಈಗ ಇಲ್ಲ. ನಡೆಯದೆ ಇದ್ದಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವರ ಮೊಣಕಾಲು ನೋವಿನಿಂದ ಇದಕ್ಕೆ ಮೂರು ದಿನ ಹಿಡಿಯಿತು. ಕೊನೆಯ ದಿನ ಆಟೋ ಮಾಡಿದೆವು, ಆದರೆ ಆಟೋದಲ್ಲಿ ನೆನಪು ಅಷ್ಟು ಚೆನ್ನಾಗಿ ಬರಲಿಲ್ಲ.

ಬೀಡಿ ಕಟ್ಟುತ್ತಿದ್ದ ಆ ಮನೆಯಲ್ಲಿ ಈಗ ಸೊಸೆ ಇದ್ದಾರೆ. ವಿಷಯ ಹೇಳಿದಾಗ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದರು. ಒಳಗೆ ತುಂಬ ಮನಿಯಾರ್ಡರ್ ಕೂಪನ್‌ಗಳು. ಹಳೆಯ ಮನಿಯಾರ್ಡರ್ ಫಾರಮ್ಮಿನ ತುದಿಯಲ್ಲಿ ಒಂದು ತುಂಡು ಇರುತ್ತಿತ್ತು, ಕಳಿಸುವವರು ಎರಡು ಮಾತು ಬರೆಯಲು. ದುಡ್ಡು ಕೊಡುವಾಗ ಅದನ್ನು ಹರಿದು ಕೈಗೆ ಕೊಡುವುದು. ಅವರ ಅತ್ತೆಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ದುಡ್ಡು ಎಣಿಸಿ, ಕೂಪನ್ ಓದಿಸಿ ಕೇಳಿಕೊಂಡು ಡಬ್ಬಕ್ಕೆ ಹಾಕುತ್ತಿದ್ದರು. ನಾನೇ ಎಷ್ಟೋ ಓದಿ ಹೇಳಿದ್ದೇನೆ. ಸೊಸೆ ನಾಲ್ಕೈದು ಓದಿದರು. ‘ಛತ್ರಿ ತೆಗೆದುಕೊಳ್ಳಿ.’ ‘ಈ ಸಲ ಕಡಿಮೆ ಉಂಟು, ರಜೆ ಹಾಕಿದ್ದೆ.’ ‘ಪತ್ತನಾಜೆಗೆ ಬರ್ತೇನೆ.’ (ಮಳೆಗಾಲಕ್ಕೆ ಮೊದಲು ಬರುವ ತುಳುವರ ವಿಶೇಷ ದಿನ ಅದು.) ಒಂದರಲ್ಲಿ ಏನೂ ಬರೆದಿಲ್ಲ. ಅದನ್ನೂ ಅವರು ಇಟ್ಟಿದ್ದರು. ಇ-ಮನಿಯಾರ್ಡರ್ ಬಂದ ಮೇಲೆ ಈ ಕೈಬರಹದ ತುಂಡು ಹೋಯಿತು. ಆಮೇಲೆ ಮನಿಯಾರ್ಡರೇ ಅಪರೂಪವಾಯಿತು. ಸಂಚಿಕೆಗೆ ಫೋಟೋ ಕೊಡುತ್ತೀರಾ ಅಂತ ಕೇಳಿದೆ. ಬೇಡ ಅಂದರು. ಹಾಗಾಗಿ ಕೊಡಲಿಲ್ಲ. ಇಲ್ಲಿ ಬರೆಯುವುದಕ್ಕೆ ಮಾತ್ರ ಒಪ್ಪಿದ್ದಾರೆ.

ಗಲ್ಫಿನ ಕಾಗದಗಳು ಉಳಿದದ್ದು ಕಡಿಮೆ. ನೀಲಿ ಏರೋಗ್ರಾಮ್ ತೆಳ್ಳಗಿನ ಕಾಗದ, ಮಡಿಕೆಯಲ್ಲೇ ಹರಿಯುತ್ತದೆ. ಸಾವಿನ ಸುದ್ದಿಯ ಕಾಗದವಂತೂ ಒಂದೂ ಸಿಗಲಿಲ್ಲ. ಅದನ್ನು ಅಂಗಳದಲ್ಲೇ ನಿಂತು ಓದಿ ಅಲ್ಲೇ ಹರಿದು ಹಾಕುವುದು ವಾಡಿಕೆ, ಒಳಗೆ ತರುವ ಹಾಗಿಲ್ಲ. ಹಾಗಾಗಿ ಸರಿಗೆ ನೋಡಿದರೆ ನಮ್ಮ ಊರಲ್ಲಿ ಯಾರೂ ಸತ್ತೇ ಇಲ್ಲ.

ಯಾರಾದರೂ ಇಂಥ ಕೆಲಸಕ್ಕೆ ಇಳಿಯುವುದಾದರೆ ಒಂದು ಮಾತು. ಲ್ಯಾಮಿನೇಶನ್ ಮಾಡಿಸಬೇಡಿ. ಒಂದು ಮನೆಯವರು ಅಜ್ಜನ ಕಾರ್ಡನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದ್ದರು. ಒಳಗೆ ತೇವ ಸಿಕ್ಕಿಕೊಂಡು ಕಾರ್ಡು ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನು ಬಿಡಿಸುವ ಹಾಗೂ ಇಲ್ಲ. ಅದಕ್ಕಿಂತ ಹೊಗೆಯ ಅಟ್ಟವೇ ವಾಸಿ.

ಕೊನೆಗೆ ಬರೆದೆ. ಎರಡು ಪುಟ ಕೇಳಿದ್ದರು, ಆರು ಪುಟವಾಯಿತು. 1942ರ ಮಾತನ್ನು ವಾಪಸು ತೆಗೆದುಕೊಳ್ಳುವುದು ಮಾತ್ರ ಕಷ್ಟವಾಯಿತು. ಚಪ್ಪಾಳೆ ಆಗಿಹೋಗಿತ್ತಲ್ಲ! ಸಮಿತಿಯಲ್ಲಿ ಒಬ್ಬರು, ‘ಬ್ರಿಟಿಷರ ಕಾಲದ್ದು ಅಂತಲೇ ಇರಲಿ ಅಕ್ಕ, ಯಾರು ನೋಡ್ತಾರೆ?’ ಅಂದರು. ನಾನು ತೂತಿನ ಫೋಟೋ ಮತ್ತು ನಾಲ್ಕನೆಯ ಕಾರ್ಡಿನ ಫೋಟೋ ಎರಡನ್ನೂ ಮೇಜಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಪ್ಪಿದರು. ‘1948ಕ್ಕೂ 1952ಕ್ಕೂ ನಡುವೆ’ ಅಂತಲೇ ಅಚ್ಚಾಯಿತು. ಕೆಂಪು ಡಬ್ಬದ ಚಿತ್ರದ ಅಡಿಯಲ್ಲಿ ಮಾತ್ರ ಯಾರೋ ‘ಬ್ರಿಟಿಷರ ಕಾಲದ ಅಂಚೆ ಪೆಟ್ಟಿಗೆ’ ಅಂತ ಸೇರಿಸಿದ್ದರು. ಆ ಡಬ್ಬ ಬಂದದ್ದು ನಾನು ಸೇರಿದ ಮೇಲೆ.

ನಾನು ಬಿಟ್ಟ ಮೇಲೆ ಪೋಸ್ಟಾಫೀಸು ನಮ್ಮ ಜಗಲಿಯಿಂದ ರಸ್ತೆ ಬದಿಯ ಬಾಡಿಗೆ ಕೋಣೆಗೆ ಹೋಯಿತು. ಹೊಸ ಪೋಸ್ಟ್ ಮಾಸ್ಟರ್ ಕೇರಳದ ತೆಂಕಣ ಜಿಲ್ಲೆಯೊಂದರ ಹುಡುಗಿ. ಈಗ ಹತ್ತನೇ ಕ್ಲಾಸಿನ ಮಾರ್ಕು ನೋಡಿ ಆನ್‌ಲೈನಿನಲ್ಲಿ ಆರಿಸುತ್ತಾರೆ, ಎಲ್ಲಿಯವರೂ ಬರಬಹುದು. ಚುರುಕಿನ ಹುಡುಗಿ. ಕನ್ನಡ ಓದಲು ಮಾತ್ರ ಬರುವುದಿಲ್ಲ. ಮದುವೆ ಸೀಸನ್ನಿನಲ್ಲಿ ಒಂದು ದಿನ ಮಧ್ಯಾಹ್ನ ಕಾಗದದ ಕಟ್ಟು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು. ಎಲ್ಲ ಕನ್ನಡದ ವಿಳಾಸ. ‘ಅಕ್ಕ, ಇದು ಎಲ್ಲಿ?’ ಅಂದಳು. ಅದೊಂದು ಮಾತು ಕಲಿತಿದ್ದಾಳೆ.

ಒಂದೊಂದೇ ಓದಿ ಹೇಳಿದೆ. ತೋಟದ ಮನೆ, ಸಂಕದ ಆಚೆ, ಹಾಜಿಯವರ ಅಂಗಡಿಯ ಹಿಂದೆ. ಅವಳಿಗೆ ತಲೆಬುಡ ಗೊತ್ತಾಗಲಿಲ್ಲ. ಒಳಗೆ ಹೋಗಿ ಪೋಸ್ಟಣ್ಣನ ಜೊತೆ ನಡೆದಾಗ ಬರೆದ ಪುಸ್ತಕ ತಂದೆ. ಇಲ್ಲದ ಇಪ್ಪತ್ತಮೂರು ಮನೆಗಳಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಉಳಿದದ್ದನ್ನು ನಾನು ಓದಿದ ಹಾಗೆ ಅವಳು ತನ್ನ ನೋಟು ಪುಸ್ತಕದಲ್ಲಿ ಮಲೆಯಾಳದಲ್ಲಿ ಬರೆದುಕೊಂಡಳು. ನಾಯಿಯ ಮನೆಗೆ ಬಂದಾಗ ತಲೆ ಎತ್ತಿ, ನಾಯಿ ಈಗಲೂ ಉಂಟಾ ಅಂತ ಕೇಳಿದಳು.

‘ಅದರ ಮೊಮ್ಮಗ ಉಂಟು’ ಅಂದೆ. ಅದನ್ನೂ ಬರೆದುಕೊಂಡಳು.